ಪಂಜಿನಿಂದ ಬ್ಯಾಟರಿಯವರೆಗೆ: ಚಿಕ್ಕನಾಯಕನಹಳ್ಳಿ ಸೀಮೆಯ ಇರುಳ ಕಾವಲು ಮತ್ತು ಬೆಳಕಿನ ಸಾಧನಗಳು

ಕರ್ನಾಟಕದ ಆಡಳಿತ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಗ್ರಾಮ ಕಾವಲಿಗೆ ತಕ್ಕ ಸ್ಥಾನ ದೊರೆತಿದೆ. ತಳವಾರನ ಹಕ್ಕು ಬಾಧ್ಯತೆಗಳು, ಅವನಿಗೆ ಸಲ್ಲುತ್ತಿದ್ದ ಮಾನ್ಯ, ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ ರೂಪುಗೊಂಡ ಪೊಲೀಸ್ ವ್ಯವಸ್ಥೆ ಇವೆಲ್ಲ ಚರ್ಚಿತವಾಗಿವೆ. ಆದರೆ ಕಾವಲಿನವನು ಕೈಯಲ್ಲಿ ಹಿಡಿದಿದ್ದ ದೀಪದ ಕಡೆಗೆ ವಿದ್ವಾಂಸರ ಗಮನ ಅಷ್ಟಾಗಿ ಹರಿದಿಲ್ಲ. ಇರುಳಿನಲ್ಲಿ ಯಾರು ಯಾರನ್ನು ಕಾಣಬಲ್ಲರು ಎಂಬುದನ್ನು ನಿರ್ಧರಿಸುತ್ತಿದ್ದುದು ಆ ದೀಪವೇ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೋಟ, ಅಟ್ಟ ಮತ್ತು ಇರುಳು

ಹಾಗಲವಾಡಿಯ ನಾಯಕರ ಆಳ್ವಿಕೆಗೆ ಸೇರಿದ್ದ ಚಿಕ್ಕನಾಯಕನಹಳ್ಳಿಗೆ ಅದೇ ಮನೆತನದ ಚಿಕ್ಕನಾಯಕನಿಂದ ಹೆಸರು ಬಂದಿತೆಂಬುದು ಪ್ರಸಿದ್ಧವಾಗಿದೆ. 1800ರಲ್ಲಿ ಈ ಮಾರ್ಗವಾಗಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಮಣ್ಣಿನ ಕೋಟೆಯನ್ನೂ ಸುತ್ತಣ ತೆಂಗು ಅಡಕೆಗಳ ಬೇಸಾಯವನ್ನೂ ದಾಖಲಿಸಿದ್ದಾನೆ. ಕೋಟೆಯೊಳಗಿನ ಸೊತ್ತನ್ನು ಬಾಗಿಲು ಹಾಕಿ ಕಾಯಬಹುದಿತ್ತು. ತೋಟವನ್ನು ಹಾಗೆ ಕಾಯಲಾಗುತ್ತಿರಲಿಲ್ಲ.

ಈ ಸೀಮೆಯ ಉಂಡೆ ಕೊಬ್ಬರಿಯ ವಿಶೇಷವನ್ನು ಇಲ್ಲಿ ಗಮನಿಸಬೇಕು. ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಗಿಟಕಾಗುತ್ತದೆ. ಅಂದರೆ ರೈತನ ವರ್ಷದ ದುಡಿಮೆ ಆತನ ತಲೆಯ ಮೇಲೆಯೇ ಕತ್ತಲಲ್ಲಿ ಒಣಗುತ್ತಿರುತ್ತದೆ. ಒಣಗಿದ ಸಿಪ್ಪೆಗೂ ಎಣ್ಣೆಯಂಶ ತುಂಬಿದ ಕೊಬ್ಬರಿಗೂ ಬೆಂಕಿಯೇ ಮೊದಲ ಶತ್ರು. ಹೀಗಾಗಿ ಕಳ್ಳನನ್ನು ಹುಡುಕಲು ಬೆಳಕು ಬೇಕಾದ ಸ್ಥಳಕ್ಕೇ ಉರಿಯುವ ಪಂಜನ್ನು ಒಯ್ಯುವಂತಿರಲಿಲ್ಲ. ಇರುಳ ಕಾವಲಿನ ಈ ತೊಡಕು ಇಲ್ಲಿನ ತೆಂಗಿನ ಬೇಸಾಯದೊಡನೆಯೇ ಹುಟ್ಟಿದ್ದು.

ತಳವಾರನ ಪಂಜು

ಇರುಳ ಸಂಚಾರಕ್ಕೂ ದೀಪಕ್ಕೂ ಇರುವ ನಂಟು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ನಗರದಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸುತ್ತದೆಯಾದರೂ, ಹೆರಿಗೆ, ಚಿಕಿತ್ಸೆ, ಸಾವು ಮೊದಲಾದ ನಿಮಿತ್ತಗಳಿಂದ ಹೊರಟವರಿಗೂ ದೀಪ ಹಿಡಿದು ಹೋಗುವವರಿಗೂ ವಿನಾಯಿತಿ ನೀಡುತ್ತದೆ. ದೀಪವಿದ್ದವನು ತನ್ನನ್ನು ತಾನೇ ತೋರಿಸಿಕೊಂಡವನು. ಆದ್ದರಿಂದ ಅವನು ಶಂಕೆಗೆ ಹೊರತು ಎಂಬುದು ಇದರ ಹಿಂದಿನ ಆಶಯವಾಗಿರಬೇಕು.

ಕನ್ನಡ ನಾಡಿನ ಶಾಸನಗಳಲ್ಲಿ ತಳಾರ, ತಳವಾರ ಎಂಬ ರೂಪಗಳೂ ಕಾವಲಿಗಾಗಿ ತೆರುತ್ತಿದ್ದ ತಳವಾರಿಕೆ ಎಂಬ ತೆರಿಗೆಯೂ ಕಾಣಸಿಗುತ್ತವೆ. ಹನ್ನೆರಡು ಆಯಗಾರರ ವ್ಯವಸ್ಥೆಯಲ್ಲಿ ತಳವಾರನು ಊರನ್ನೂ, ತೋಟಿಯು ಬೆಳೆಯನ್ನೂ ಕಾಯುತ್ತಿದ್ದರು. ಹೊಂಗೆ, ಹಿಪ್ಪೆ, ಹರಳೆಣ್ಣೆಗಳಲ್ಲಿ ಅದ್ದಿದ ಬಟ್ಟೆಯ ಪಂಜು, ದೀವಟಿಗೆ, ತುರ್ತಿಗೆ ಒಣ ಸೋಗೆಯನ್ನು ಬಿಗಿದು ಹೊತ್ತಿಸಿದ ಕೊಳ್ಳಿ ಇವು ಮೈದಾನ ಸೀಮೆಯ ಹಳೆಯ ಬೆಳಕುಗಳು. ಇವುಗಳ ಬೆಳಕು ಸುತ್ತಲೂ ಸಮನಾಗಿ ಚೆಲ್ಲುತ್ತದೆ. ಹಿಡಿದವನ ಮುಖವೇ ಎಲ್ಲಕ್ಕಿಂತ ಮೊದಲು ಬೆಳಗುತ್ತದೆ. ದೂರದಿಂದಲೇ ಕಳ್ಳನಿಗೆ ಕಾವಲಿನವನು ಕಾಣುತ್ತಾನೆ, ಕಾವಲಿನವನಿಗೆ ಕಳ್ಳ ಕಾಣುವುದಿಲ್ಲ. ಆದುದರಿಂದ ಪಂಜಿನ ಕಾವಲು ಹಿಡಿಯುವುದಕ್ಕಿಂತ ಹೆಚ್ಚಾಗಿ ಎಚ್ಚರಿಸುವ ಕಾವಲಾಗಿತ್ತು. ಜೊತೆಗೆ, ತಳವಾರ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದು ಇಡೀ ಊರಿಗೆ ತಿಳಿಯುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ಈ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು.

ಲಾಟೀನು ಮತ್ತು ಇರುಳ ಹಾಜರಿ

1880ರ ದಶಕದಲ್ಲಿ ತುಮಕೂರು, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದ ಕಡೆಗೆ ಸಾಗಿದ ರೈಲುಮಾರ್ಗವು ಈ ಭಾಗದ ವ್ಯಾಪಾರದ ದಿಕ್ಕನ್ನೇ ಬದಲಿಸಿತು. ಸೀಮೆಎಣ್ಣೆ ಬಳಕೆಗೆ ಬಂದಂತೆ ಗಾಜಿನ ಬುರುಡೆಯ ಲಾಟೀನು ಹಳ್ಳಿಗಳನ್ನು ಮುಟ್ಟಿತು. ಗಾಳಿಗೆ ಆರದ, ಕಿಡಿ ಹಾರಿಸದ ಈ ದೀಪ ಪಂಜಿಗಿಂತ ಸುರಕ್ಷಿತವಾಗಿತ್ತು. ಆದರೆ ಅದರ ಬೆಳಕೂ ಸುತ್ತಲೂ ಹರಡುವಂಥದೇ. ಲಂಡನ್ನಿನ ಪೊಲೀಸರು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಸಿದ, ದಪ್ಪ ಮಸೂರವನ್ನೂ ಮರೆಮಾಡುವ ಮುಚ್ಚಳವನ್ನೂ ಹೊಂದಿದ್ದ ಕೈಲಾಂದ್ರವು ಇದಕ್ಕೆ ಮೊದಲ ಪರಿಹಾರವೆನ್ನಬಹುದು. ಅದರಲ್ಲಿ ಬೆಳಕು ಮುಂದಕ್ಕೆ ಮಾತ್ರ ಬೀಳುತ್ತಿತ್ತು. ಹಿಡಿದವನು ಕತ್ತಲಲ್ಲೇ ಉಳಿಯುತ್ತಿದ್ದನು.

ಇದೇ ಕಾಲದಲ್ಲಿ ಬೆಳಕು ಯಾರ ಮೇಲೆ ಬೀಳಬೇಕೆಂಬುದನ್ನು ಕಾನೂನು ನಿರ್ಧರಿಸತೊಡಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮಾದರಿಯಲ್ಲಿ ಮೈಸೂರು ಸಂಸ್ಥಾನವೂ 1916ರಲ್ಲಿ ಶಾಸನವನ್ನು ರೂಪಿಸಿತು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ಕೊರಚರಂಥ ಸಮುದಾಯಗಳ ಕಸುಬನ್ನು ರೈಲು ಕಸಿದುಕೊಂಡಿತ್ತು. ಇಂಥ ಅಲೆಮಾರಿಗಳನ್ನೇ ಈ ಕಾನೂನುಗಳು ಹುಟ್ಟಿನಿಂದ ಶಂಕಿತರನ್ನಾಗಿಸಿದವು. ಹೆಸರು ನೋಂದಾವಣೆ, ಹಾಜರಿ, ಸಂಚಾರಕ್ಕೆ ಪರವಾನಗಿ ಇವು ಅದರ ವಿಧಾನಗಳು. ಅರ್ಥಶಾಸ್ತ್ರದ ಪಥಿಕನು ತಾನೇ ದೀಪ ಹಿಡಿದು ನಿರಪರಾಧಿಯೆನಿಸಿದರೆ, ಇವರು ಪರರ ಲಾಟೀನಿಗೆ ಮುಖವೊಡ್ಡಿ ನಿಲ್ಲಬೇಕಾಯಿತು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಬೆಳಕಿನ ಸಾಧನಗಳ ಚರಿತ್ರೆಯನ್ನು ಬರೆಯುವಾಗ ಈ ಅಧ್ಯಾಯವನ್ನು ಬಿಟ್ಟು ಮುಂದೆ ಸಾಗುವುದು ಸಾಧುವಲ್ಲ.

ಬ್ಯಾಟರಿಯ ಆಗಮನ

ಕೊಳವೆಯಾಕಾರದ ವಿದ್ಯುತ್ ಕೈದೀಪಕ್ಕೆ ಅಮೆರಿಕದಲ್ಲಿ ಡೇವಿಡ್ ಮಿಸೆಲ್ 1899ರಲ್ಲಿ ಹಕ್ಕುಪತ್ರ ಪಡೆದನು. ಆರಂಭದ ದೀಪಗಳು ಇಂಗಾಲದ ತಂತುವಿನವು. ಕೋಶಗಳೂ ದುರ್ಬಲವಾಗಿದ್ದುದರಿಂದ ಕ್ಷಣಕಾಲ ಬೆಳಗಿ ಆರಿಸಬೇಕಾಗುತ್ತಿತ್ತು. ನ್ಯೂಯಾರ್ಕಿನ ಪೊಲೀಸರಿಗೆ ಕೆಲವನ್ನು ಕೊಟ್ಟು ಪರೀಕ್ಷಿಸಲಾಯಿತು. ಟಂಗ್‌ಸ್ಟನ್ ತಂತು ಬಂದಮೇಲೆ ಅದು ನೆಚ್ಚಬಹುದಾದ ಉಪಕರಣವಾಯಿತು. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು 1905ರಲ್ಲಿಯೇ ಬೆಳಗಿದರೂ, ತಂತಿ ತಲುಪದ ಹಳ್ಳಿಗಳಿಗೆ ವಿದ್ಯುತ್ತಿನ ಬೆಳಕು ಮೊದಲು ಪರಿಚಯವಾದದ್ದು ಈ ಕೈದೀಪದಿಂದಲೇ.

ನಮ್ಮ ಹಳ್ಳಿಗರು ಇದನ್ನು ಟಾರ್ಚ್ ಎನ್ನುವುದಕ್ಕಿಂತ ಬ್ಯಾಟ್ರಿ ಎಂದೇ ಕರೆದರು. ಒಳಗಿನ ಕೋಶ ಸೆಲ್ಲಾಯಿತು. ಒಂದೊಂದು ಸೆಲ್ಲಿನದು ಒಂದೂವರೆ ವೋಲ್ಟ್. ಮೂರು ಸೆಲ್ಲಿನ ಉದ್ದ ಬ್ಯಾಟರಿ ಊರಿನಲ್ಲಿ ಒಂದು ಗೌರವದ ವಸ್ತುವೂ ಆಗಿತ್ತು. ಸೊರಗಿದ ಸೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೆ ಬಳಸುವ ರೂಢಿ ಬಹುಕಾಲ ಉಳಿಯಿತು. ಶಾಖಕ್ಕೆ ರಾಸಾಯನಿಕ ಕ್ರಿಯೆ ಚುರುಕಾಗಿ ತುಸು ಹೊತ್ತು ಬೆಳಕು ಮರಳುತ್ತದೆಯಾದ್ದರಿಂದ ಈ ರೂಢಿ ಬರಿಯ ನಂಬಿಕೆಯಲ್ಲ. ತೆಂಗಿನ ಸೀಮೆಗೆ ಬ್ಯಾಟರಿಯಿಂದಾದ ದೊಡ್ಡ ಉಪಕಾರವೆಂದರೆ, ಬೆಂಕಿಯ ಭಯವಿಲ್ಲದೆ ಅಟ್ಟವನ್ನೇರಿ ನೋಡುವುದು ಸಾಧ್ಯವಾದುದು. ನೆಲದಲ್ಲಿ ನಿಂತೇ ಮರದ ಸುಳಿಯವರೆಗೆ ಬೆಳಕು ಹಾಯಿಸುವುದೂ ಸಾಧ್ಯವಾಯಿತು. ಪಂಜು ಎಚ್ಚರಿಸುತ್ತಿತ್ತು, ಬ್ಯಾಟರಿ ಹಿಡಿದುಕೊಟ್ಟಿತು.

ಬೆಳಕು ಮತ್ತು ಸಾಕ್ಷ್ಯ

ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಅವಧಿಯನ್ನು ಕಾನೂನು ಪ್ರತ್ಯೇಕವಾಗಿಯೇ ಕಂಡಿದೆ. ರಾತ್ರಿಯಲ್ಲಿ ಹೊಂಚಿ ಮನೆಯೊಳಹೊಗುವುದನ್ನು 1860ರ ದಂಡ ಸಂಹಿತೆಯು ಬೇರೆಯೇ ಅಪರಾಧವಾಗಿ ಪರಿಗಣಿಸಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಭೇದ ಉಳಿದಿದೆ. ರಾತ್ರಿಯ ಪ್ರಕರಣಗಳಲ್ಲಿ ನ್ಯಾಯಾಲಯದ ಮೊದಲ ಪ್ರಶ್ನೆ, ಯಾವ ಬೆಳಕಿನಲ್ಲಿ ಕಂಡಿರಿ ಎಂಬುದು. ಟಾರ್ಚ್ ಬೆಳಕಿನಲ್ಲಿ ಪಂಚರ ಸಮಕ್ಷಮ ಮಹಜರು ನಡೆಸಲಾಯಿತು ಎಂಬ ಒಕ್ಕಣೆ ಪೊಲೀಸ್ ಕಡತಗಳನ್ನು ಬಲ್ಲವರಿಗೆ ಪರಿಚಿತವಾದುದು. ಆ ಟಾರ್ಚನ್ನು ವಶಪಡಿಸಿಕೊಂಡು ಹಾಜರುಪಡಿಸಲಾಯಿತೆ ಎಂದು ಪ್ರತಿವಾದಿ ವಕೀಲರು ಪ್ರಶ್ನಿಸುವುದೂ ಉಂಟು.

ಈ ವಿಷಯದಲ್ಲಿ ಬಿಹಾರದ ಪ್ರಕರಣವೊಂದರ ಸಂಬಂಧ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ನೀಡಿದ ತೀರ್ಪು ಉಲ್ಲೇಖನೀಯವಾಗಿದೆ. ನಗರದ ಪ್ರಖರ ವಿದ್ಯುದ್ದೀಪಗಳಿಗೆ ಒಗ್ಗಿದವರ ದೃಷ್ಟಿಯನ್ನು ಅಳತೆಗೋಲಾಗಿಟ್ಟುಕೊಂಡು, ನಾಟಿ ದೀಪಗಳಿಗೆ ಹೊಂದಿಕೊಂಡ ಹಳ್ಳಿಗರ ಕಣ್ಣನ್ನು ತೂಗಬಾರದೆಂಬುದು ಅದರ ಅಭಿಪ್ರಾಯ. ಬುಡ್ಡಿಯ ಬೆಳಕಿನಲ್ಲಿ ಕಂಡವನ ಮಾತಿಗೂ ಬೆಲೆಯುಂಟೆಂದು ಇದು ಸಾರುತ್ತದೆ. ಆದರೆ ಕಣ್ಣಿಗೆ ನೇರವಾಗಿ ಬಿದ್ದ ಟಾರ್ಚಿನ ಬೆಳಕು ಕಾಣಿಸುವುದಕ್ಕಿಂತ ಕುರುಡಾಗಿಸುವುದೇ ಹೆಚ್ಚು. ಬೆಳಕಿನಲ್ಲಿ ನಿಂತವನು ಬೆಳಕು ಹಿಡಿದವನನ್ನು ಗುರುತಿಸಲಾರ.

ಸಮಾರೋಪ

ನೀಲಿ ಎಲ್‌ಇಡಿಯ ಸಂಶೋಧನೆಗೆ 2014ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಅದರಿಂದ ಸಾಧ್ಯವಾದ ಬಿಳಿ ಬೆಳಕು ಇಂದು ಗಸ್ತಿನ ಪೇದೆಯ ಕೈಯಲ್ಲೂ ತೋಟದ ಮಾಲೀಕನ ತಲೆಗೆ ಕಟ್ಟಿದ ಪಟ್ಟಿಯಲ್ಲೂ ಇದೆ. 2023ರಲ್ಲಿ ಕ್ವಿಂಟಾಲಿಗೆ 10,000 ರೂಪಾಯಿಗಳಿಗಿಂತ ಕೆಳಗಿಳಿದಿದ್ದ ಕೊಬ್ಬರಿ ಬೆಲೆ 2025ರಲ್ಲಿ 20,000 ರೂಪಾಯಿಗಳನ್ನು ದಾಟಿತು. ಬೆಲೆಯೇರಿದಾಗ ಕಾವಲಿನ ಚಿಂತೆಯೂ ಏರುವುದು ಸಹಜ. ಇದೇ ವೇಳೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಪ್ರಕರಣವು ಶೋಧ ಮತ್ತು ಜಪ್ತಿಯನ್ನು ದೃಶ್ಯ ಶ್ರಾವ್ಯ ರೂಪದಲ್ಲಿ ದಾಖಲಿಸಬೇಕೆಂದು ವಿಧಿಸಿದೆ. ರಾತ್ರಿಯ ಶೋಧದಲ್ಲಿ ದಾಖಲೆ ಸ್ಪಷ್ಟವಾಗಬೇಕಾದರೆ ಸುತ್ತಲೂ ಸಾಕಷ್ಟು ಬೆಳಕಿರಬೇಕು; ಶೋಧಿಸುವವನೂ ಅದರಲ್ಲಿ ಕಾಣಬೇಕು.

ಒಟ್ಟಿನಲ್ಲಿ, ಪಂಜು ಕಾವಲಿನವನನ್ನು ಊರಿಗೆ ತೋರಿಸಿತು. ಮಸೂರದ ಲಾಂದ್ರ ಮತ್ತು ಬ್ಯಾಟರಿಗಳು ಅವನನ್ನು ಮರೆಮಾಡಿ ಎದುರಿನವನನ್ನು ತೋರಿಸಿದವು. ಮೊದಲನೆಯದರಲ್ಲಿ ದಕ್ಷತೆ ಕಡಿಮೆ, ಉತ್ತರದಾಯಿತ್ವ ಹೆಚ್ಚು. ಎರಡನೆಯದರಲ್ಲಿ ಇದು ತಿರುವುಮುರುವಾಯಿತು. ಎರಡನ್ನೂ ಒಂದೇ ಬೆಳಕಿನಲ್ಲಿ ತರುವ ಯತ್ನ ಈಗಷ್ಟೇ ಆರಂಭವಾಗಿದೆ. ಅದು ಸಫಲವಾದರೆ, ಅಟ್ಟದ ಕೊಬ್ಬರಿಯೂ ಉಳಿದೀತು. ಹಾದಿಯಲ್ಲಿ ನಡೆದು ಹೋಗುವ ಬಡವನ ಮಾನವೂ ಉಳಿದೀತು.