ಹೊಳೆ ದಾಟಿದ ಕೋವಿ

ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರಿನ ಬಯಲಿಗೆ ಬೇಟೆಗೆಂದು ಹೊರಟವನು ಒಂದು ಕಾಲಕ್ಕೆ ಪರರಾಜ್ಯವನ್ನೇ ಹೊಗುತ್ತಿದ್ದನು. ಈಚೆಯ ದಡ ಮೈಸೂರು ಸಂಸ್ಥಾನ. ಆಚೆಯ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ ಬ್ರಿಟಿಷ್ ನೆಲ. ಆ ನೆಲದೊಳಕ್ಕೆ ಆಯುಧವನ್ನು ತರಲು ಪರವಾನಗಿ ಬೇಕೆಂದು 1878ರ ಆಯುಧ ಶಾಸನವು ವಿಧಿಸಿತ್ತು; ಆಯುಧವಿಡುವ ಹಕ್ಕುಳ್ಳವನು ಸ್ವಂತದ ಉಪಯೋಗಕ್ಕೆ ಮಿತವಾಗಿ ತಂದರೆ ವಿನಾಯಿತಿಯಿತ್ತು. ಎರಡು ದಡಗಳ ನುಡಿಯೂ ಕನ್ನಡವೇ. ಕೋವಿಗೆ ಮಾತ್ರ ಅವು ಎರಡು ದೇಶಗಳು.

1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯದಲ್ಲಿ ಕೂಡಿದುವು. 1972ರ ವನ್ಯಜೀವಿ ಶಾಸನವು ಕೃಷ್ಣಮೃಗಕ್ಕೆ ರಕ್ಷಣೆಯಿತ್ತಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯವಾಯಿತು. ಮನುಷ್ಯರ ನಡುವಣ ಎಲ್ಲೆ ಅಳಿಯಿತು; ಜಿಂಕೆಗೂ ಕೋವಿಗೂ ನಡುವೆ ಹೊಸದೊಂದು ಎಲ್ಲೆ ಮೂಡಿತು. ಇದನ್ನು ಕಾಯುವ ಹೊಣೆ ನಮ್ಮೆಲ್ಲರದು.