ರಾಸ್ ದ್ವೀಪದ ಜಿಂಕೆಗಳು

ನಾನು ಚೆನ್ನೈಗೆ ಬಂದು ಮೂವತ್ತೆರಡು ವರ್ಷ. ಇಲ್ಲಿನ ಬಂದರಿನಿಂದ ಅಂಡಮಾನಿಗೆ ಹಡಗು ಹೋಗುತ್ತದೆ ಅನ್ನೋದು ಬಂದ ಹೊಸದರಲ್ಲೇ ಗೊತ್ತಾಗಿತ್ತು. ಆದರೂ ಹೋಗಿರಲಿಲ್ಲ. ನಮ್ಮಜ್ಜಿ ಇರುವ ತನಕ ಆ ಹೆಸರೆತ್ತುವ ಹಾಗಿರಲಿಲ್ಲ ನೋಡಿ. "ಕರಿನೀರಿಗೆ ಹೋದವರು ತಿರುಗಿ ಬರಲ್ಲ" ಅನ್ನುತ್ತಿದ್ದರು. ಅಜ್ಜಿ ಹೋದ ಮೇಲೆ ರಜೆ ಸಿಗಲಿಲ್ಲ! ಅಂತೂ ನಿವೃತ್ತಿಯಾದ ಮೇಲೆ ಹೆಂಡತಿ, ಮೊಮ್ಮಗನ ಜೊತೆ ಹೊರಟೆ. ಹಡಗಲ್ಲ, ವಿಮಾನ.

ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ. ಅಲ್ಲಿಂದ ಫೆರಿಯಲ್ಲಿ ಸ್ವಲ್ಪ ಹೊತ್ತು ಹೋದರೆ ರಾಸ್ ದ್ವೀಪ. ಅದಕ್ಕೂ 2018ರಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ ಹೊಸ ಹೆಸರು ಬಂತು. ಒಂದು ಚದರ ಕಿಲೋಮೀಟರಿನ ಮೂರನೇ ಒಂದು ಭಾಗದಷ್ಟು ಜಾಗ, ಅಷ್ಟೇ. ಇಳಿಯುತ್ತಿದ್ದ ಹಾಗೆ ಚುಕ್ಕೆ ಜಿಂಕೆಗಳು ಎದುರಿಗೆ ಬಂದವು. ಹೆದರಿಕೆ ಅನ್ನೋದೇ ಇಲ್ಲ. ಎಳನೀರು ಕುಡಿದು ಬಿಸಾಡಿದ ಬುರುಡೆಯಲ್ಲಿ ಮೂತಿ ತೂರಿಸಿ ಗಂಜಿ ಕೆರೆದು ತಿನ್ನುತ್ತವೆ. ಹಾಳು ಗೋಡೆಯ ಮೇಲೆ ನವಿಲು. ಮೊಮ್ಮಗನಿಗೆ ಸ್ವರ್ಗ.

ನನಗೆ ಗೋಡೆಗಳ ಕಡೆಗೇ ಗಮನ. ಇಲ್ಲೊಂದು ಚರ್ಚ್, ಅಲ್ಲೊಂದು ಬೇಕರಿ, ಕ್ಲಬ್ಬು, ಚೀಫ್ ಕಮಿಷನರ್ ಸಾಹೇಬರ ಬಂಗಲೆ. ಆಲದ ಜಾತಿಯ ಮರಗಳ ಬೇರು ಇಟ್ಟಿಗೆಗಳನ್ನು ತಬ್ಬಿ ಹಿಡಿದಿದೆ. ಈಗ ಎಷ್ಟೋ ಕಡೆ ಗೋಡೆ ಬೀಳದೆ ನಿಂತಿರುವುದೇ ಬೇರಿನಿಂದ.

1857ರ ದಂಗೆಯ ಮರುವರ್ಷ, 1858ರ ಮಾರ್ಚಿನಲ್ಲಿ, ಜೆ.ಪಿ. ವಾಕರ್ ಎಂಬ ಅಧಿಕಾರಿ ಇನ್ನೂರು ಕೈದಿಗಳನ್ನು ಅಂಡಮಾನಿಗೆ ತಂದ. ಮೊದಲು ಚಾಥಮ್ ದ್ವೀಪ, ಅಲ್ಲಿ ನೀರು ಸಾಲದೆ ರಾಸ್. ದಟ್ಟ ಕಾಡು ಕಡಿದು ನೆಲ ಹದ ಮಾಡಿದವರು ಸಂಕೋಲೆ ಹಾಕಿಸಿಕೊಂಡ ಅದೇ ಕೈದಿಗಳು. ತಪ್ಪಿಸಿಕೊಂಡು ಓಡಿ ಸಿಕ್ಕಿಬಿದ್ದವರಲ್ಲಿ ಎಂಬತ್ತಕ್ಕೂ ಹೆಚ್ಚು ಜನರನ್ನು ಆತ ಆ ವರ್ಷವೇ ನೇಣಿಗೆ ಹಾಕಿಸಿದ. ಎಲ್ಲರೂ ನೋಡಲು ಹೋಗುವ ಸೆಲ್ಯುಲರ್ ಜೈಲು ಮುಗಿದದ್ದು 1906ರಲ್ಲಿ. ಅದಕ್ಕೂ ಅರ್ಧ ಶತಮಾನ ಹಿಂದಿನ ಮಾತು ಇದು. ಸಾಹೇಬರ ಡ್ಯಾನ್ಸ್ ಹಾಲಿನ ಬಗ್ಗೆ ಜನ ಇವತ್ತಿಗೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ಯಾಕೋ ನನಗೆ ಅದು ರುಚಿಸಲಿಲ್ಲ.

1941ರ ಜೂನಿನಲ್ಲಿ ಭೂಕಂಪ, ಮರುವರ್ಷ ಜಪಾನೀಯರು. ಅವರ ಬಂಕರುಗಳು ಈಗಲೂ ಇವೆ. 1943ರ ಡಿಸೆಂಬರಿನಲ್ಲಿ ನೇತಾಜಿ ಬಂದಾಗ ಅದೇ ಸಾಹೇಬರ ಬಂಗಲೆಯಲ್ಲಿ ಉಳಿದರು. 1979ರಿಂದ ದ್ವೀಪ ನಮ್ಮ ನೌಕಾಪಡೆಯ ಸುಪರ್ದಿನಲ್ಲಿದೆ.

"ತಾತಾ, ಈ ಜಿಂಕೆಗಳು ಮೊದಲಿಂದಲೂ ಇಲ್ಲೇ ಇದ್ವಾ?" ಅಂತ ಮೊಮ್ಮಗ ಕೇಳಿದ. ಇಲ್ಲ ಕಣೋ, ಇವೂ ಹಡಗು ಹತ್ತಿ ಬಂದವೇ ಅಂದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಬೇಟೆಯ ಶೋಕಿಗೆ ಅಂಡಮಾನಿಗೆ ಜಿಂಕೆ ತಂದರು. ಹಿಡಿದು ತಿನ್ನಲು ಹುಲಿಯಿಲ್ಲ, ಚಿರತೆಯಿಲ್ಲ. ಈಜಿಕೊಂಡೇ ದ್ವೀಪದಿಂದ ದ್ವೀಪಕ್ಕೆ ಹಬ್ಬಿದವು. ಎಳೆ ಸಸಿಗಳನ್ನೆಲ್ಲ ಮೇಯ್ದು, ಅಲ್ಲಿನ ಕಾಡು ಮತ್ತೆ ಚಿಗುರದ ಹಾಗೆ ಮಾಡಿವೆ. ನವಿಲೂ ಹೊರಗಿನದೇ.

ಹಾಗಾದರೆ ಇಲ್ಲಿಯವರು ಯಾರು? ಗ್ರೇಟ್ ಅಂಡಮಾನಿಗಳು. 1863ರಲ್ಲಿ ಇದೇ ರಾಸ್ ದ್ವೀಪದಲ್ಲಿ ಕಾರ್ಬಿನ್ ಎಂಬ ಪಾದ್ರಿ ಅವರಿಗಾಗಿ 'ಅಂಡಮಾನ್ ಹೋಮ್' ತೆರೆದ. ಹೆಸರಿಗೆ ಮನೆ. ಊಟ ಹಾಕಿ, ಇಂಗ್ಲಿಷ್ ಕಲಿಸಿ, ಓಡಿಹೋಗದ ಹಾಗೆ ಕಾವಲಿಟ್ಟರು. ಹೊರಗಿನವರ ಒಡನಾಟದಿಂದ ಸಿಫಿಲಿಸ್ ಅಂಟಿತು, 1877ರಲ್ಲಿ ದಡಾರ ಬಡಿಯಿತು. ಸಾವಿರಗಟ್ಟಲೆ ಇದ್ದವರು 1901ರ ಜನಗಣತಿಯಲ್ಲಿ 625. ಈಗ ಐವತ್ತರ ಆಸುಪಾಸು.

ಆ ಹೋಮ್ ಎಲ್ಲಿತ್ತು ಅಂತ ಹುಡುಕಿದೆ. ಬೇಕರಿಗೆ ಬೋರ್ಡಿತ್ತು, ಕ್ಲಬ್ಬಿಗೆ ಬೋರ್ಡಿತ್ತು, ಇದರದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಫೆರಿಯವರು ಕೊಟ್ಟಿದ್ದ ಸಮಯವೂ ಮುಗಿದಿತ್ತು. ಹೆಂಡತಿ ಜೆಟ್ಟಿಯಿಂದ ಕೂಗುತ್ತಿದ್ದಳು. ಮೊಮ್ಮಗ ಕೈಯಲ್ಲಿದ್ದ ಕೊನೆಯ ಕಾಯಿಚೂರನ್ನು ಒಂದು ಮರಿ ಜಿಂಕೆಗೆ ತಿನ್ನಿಸಿ, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಓಡಿಬಂದ.