ಕಡತ, ನೆನಪು, ಕುಲಪತಿಯ ಕುರ್ಚಿ: ಬಿ. ಷೇಕ್ ಅಲಿ ಅವರ ಇತಿಹಾಸ ಬರವಣಿಗೆಯ ಒಂದು ಓದು

ಇತಿಹಾಸದ ಪ್ರಾಧ್ಯಾಪಕರು ಕುಲಪತಿಗಳಾಗುವುದು ನಮ್ಮ ದೇಶದಲ್ಲಿ ಹೊಸತಲ್ಲ. ಜದುನಾಥ ಸರ್ಕಾರ್ 1926ರಿಂದ 1928ರವರೆಗೆ ಕಲ್ಕತ್ತ ವಿಶ್ವವಿದ್ಯಾಲಯದ ಹೊಣೆ ಹೊತ್ತಿದ್ದರು. ರಮೇಶಚಂದ್ರ ಮಜುಂದಾರರು 1937ರಿಂದ ಐದು ವರ್ಷ ಢಾಕಾದಲ್ಲಿದ್ದರು. ಗೋವೆಯ ಪೋರ್ಚುಗೀಸ್ ದಾಖಲೆಗಳನ್ನು ಓದಿ ಬರೆದ ಸುರೇಂದ್ರನಾಥ ಸೇನ್ 1950ರ ದಶಕದ ಆರಂಭದಲ್ಲಿ ದೆಹಲಿಯ ಕುಲಪತಿಯಾದರು. ಮೈಸೂರಿನಲ್ಲಿ ಕೆ. ಎಂ. ಪಣಿಕ್ಕರ್ 1963ರಲ್ಲಿ ಆ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಇವರೆಲ್ಲರೂ ಆಗಲೇ ನೆಲೆನಿಂತಿದ್ದ ಸಂಸ್ಥೆಗಳಿಗೆ ಬಂದವರು. ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಬಿ. ಷೇಕ್ ಅಲಿ ಅವರ ಪಾಲಿಗೆ ಬಂದದ್ದು ಬೇರೆ ಬಗೆಯ ಕೆಲಸ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ, 1985ರಲ್ಲಿ ಗೋವಾ ವಿಶ್ವವಿದ್ಯಾಲಯ, ಎರಡಕ್ಕೂ ಅವರೇ ಮೊದಲ ಕುಲಪತಿ. ಅವರ ಬಗೆಗಿನ ಬರಹಗಳು ಸಾಮಾನ್ಯವಾಗಿ ಇದನ್ನು ಗೌರವಗಳ ಪಟ್ಟಿಗೆ ಸೇರಿಸಿ ಮುಂದಕ್ಕೆ ಹೋಗುತ್ತವೆ. ಆ ಕುರ್ಚಿ ಇತಿಹಾಸಕಾರನ ಬರವಣಿಗೆಗೆ ಏನು ಮಾಡಿತು ಎಂಬುದು ಈ ಲೇಖನದ ಪ್ರಶ್ನೆ.

ಅಲಿಗಢ ಮತ್ತು ಲಂಡನ್‌ಗಳಲ್ಲಿ ತರಬೇತಿ ಪಡೆದ ಷೇಕ್ ಅಲಿ ಅವರ ಮೊದಲ ಮುಖ್ಯ ಗ್ರಂಥ ‘ಇಂಗ್ಲಿಷ್ ರಿಲೇಷನ್ಸ್ ವಿತ್ ಹೈದರ್ ಅಲಿ’ 1963ರಲ್ಲಿ ಮೈಸೂರಿನಲ್ಲಿ ಪ್ರಕಟವಾಯಿತು. ಅದರ ವ್ಯಾಪ್ತಿ 1760ರಿಂದ 1782ರವರೆಗೆ, ಅಂದರೆ ಹೈದರನ ಏಳಿಗೆಯಿಂದ ಸಾವಿನವರೆಗೆ. ಹೆಸರೇ ಹೇಳುವಂತೆ ಇದು ಸಂಬಂಧಗಳ ಕಥನ. ಯಾರು ಯಾರೊಡನೆ ಯಾವಾಗ ಕೈಜೋಡಿಸಿದರು, ಯಾವ ಒಪ್ಪಂದ ಎಲ್ಲಿ ಮುರಿಯಿತು ಎಂಬುದೇ ಇಲ್ಲಿನ ವಸ್ತು. ಹೈದರಾಬಾದಿನ ಕಡೆಯಿಂದ ನೋಡುವವರಿಗೆ ಈ ಕಥೆಯ ಮೂರನೆಯ ಪಾತ್ರ ಬೇಗ ಕಣ್ಣಿಗೆ ಬೀಳುತ್ತದೆ. 1767ರಲ್ಲಿ ಹೈದರನ ಜೊತೆ ನಿಂತಿದ್ದ ನಿಜಾಮ್ ಅಲಿ ಖಾನ್, ಮರುವರ್ಷವೇ ಮಚಲೀಪಟ್ಟಣದ ಒಪ್ಪಂದದಲ್ಲಿ ಅವನನ್ನು ರಾಜ್ಯಾಪಹಾರಿ ಎಂದು ಕರೆದು ಕಂಪನಿಯ ಪಕ್ಷ ಸೇರಿದ. 1769ರ ಮದರಾಸು ಒಪ್ಪಂದದಲ್ಲಿ ಪರಸ್ಪರ ನೆರವಿನ ಮಾತು ಕೊಟ್ಟ ಕಂಪನಿ, ಮರಾಠರು ಮೈಸೂರಿನ ಮೇಲೆ ಏರಿ ಬಂದಾಗ ಸುಮ್ಮನಿತ್ತು. 1780ರಲ್ಲಿ ಹೈದರ್ ಕರ್ನಾಟಿಕ್ ಪ್ರಾಂತಕ್ಕೆ ನುಗ್ಗಿದ್ದರ ಹಿಂದೆ ಈ ಹಳೆಯ ಸಿಟ್ಟು ಇತ್ತು. ಇಂಥ ವಿಷಯಕ್ಕೆ ಕಂಪನಿಯ ಪತ್ರವ್ಯವಹಾರವೇ ಮುಖ್ಯ ಆಕರವಾಗುವುದು ಸಹಜ. ಬರೆದಿಟ್ಟದ್ದು ಉಳಿಯುತ್ತದೆ, ಉಳಿದದ್ದು ಇತಿಹಾಸವಾಗುತ್ತದೆ.

ಆದರೆ ಷೇಕ್ ಅಲಿ ಒಂದೇ ಕಾಲಘಟ್ಟಕ್ಕೆ ಅಂಟಿಕೊಂಡವರಲ್ಲ. 1972ರಲ್ಲಿ ಹೊಯ್ಸಳರ ಬಗೆಗಿನ ಲೇಖನಗಳ ಸಂಪುಟವನ್ನು ಸಂಪಾದಿಸಿದರು. 1976ರಲ್ಲಿ ಮೈಸೂರಿನ ಪ್ರಸಾರಾಂಗದಿಂದ ಅವರ ಪಶ್ಚಿಮ ಗಂಗರ ಇತಿಹಾಸ ಹೊರಬಂತು. ಗಂಗರ ವಿಷಯಕ್ಕೆ ಕೈಹಾಕುವವರಿಗೆ ಹಳೆಯ ಜಗಳವೊಂದು ಕಾದಿರುತ್ತದೆ. ಬಿ. ಎಲ್. ರೈಸ್ ಪ್ರಕಟಿಸಿ ನೆಚ್ಚಿಕೊಂಡ ಗಂಗರ ತಾಮ್ರಪಟಗಳಲ್ಲಿ ಹಲವು ನಕಲಿ ಎಂದು ಜೆ. ಎಫ್. ಫ್ಲೀಟ್ ವಾದಿಸಿದ್ದರು. ದೊರೆಗಳ ವಂಶಾವಳಿ, ಆಳ್ವಿಕೆಯ ಕಾಲ ಎಲ್ಲವೂ ಆ ವಾದದ ಮೇಲೆ ನಿಂತಿವೆ. ದಾಖಲೆ ಸುಳ್ಳು ಹೇಳಬಹುದು ಎಂಬ ಪಾಠವನ್ನು ಇತಿಹಾಸಕಾರನಿಗೆ ಗಂಗರಷ್ಟು ಚೆನ್ನಾಗಿ ಕಲಿಸುವ ರಾಜವಂಶ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಎರಡು ವರ್ಷದ ಮೇಲೆ, 1978ರಲ್ಲಿ, ಮ್ಯಾಕ್‌ಮಿಲನ್ ಪ್ರಕಟಿಸಿದ ‘ಹಿಸ್ಟರಿ: ಇಟ್ಸ್ ಥಿಯರಿ ಅಂಡ್ ಮೆಥಡ್’ ಬಂತು. ಕಾರಣ, ವಸ್ತುನಿಷ್ಠತೆ, ಆಕರ ವಿಮರ್ಶೆಗಳನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದೆಡೆ ಕಟ್ಟಿಕೊಟ್ಟ ಪಠ್ಯ ಅದು. ಸ್ವಂತ ಸಿದ್ಧಾಂತ ಮಂಡಿಸುವ ಹಟ ಅದಕ್ಕಿಲ್ಲ, ತರಗತಿಯ ಪುಸ್ತಕವಾಗಿ ಚೆನ್ನಾಗಿ ಬಾಳಿತು.

1980ರ ಸೆಪ್ಟೆಂಬರ್ 10ರಂದು ಕರ್ನಾಟಕದಲ್ಲಿ ಎರಡು ವಿಶ್ವವಿದ್ಯಾಲಯಗಳು ಹುಟ್ಟಿದವು. ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿದ್ದ ಗುಲಬರ್ಗ ಒಂದು, ಮೈಸೂರಿನ ಕೇಂದ್ರವಾಗಿದ್ದ ಕೊಣಾಜೆಯ ಮಂಗಳಗಂಗೋತ್ರಿ ಇನ್ನೊಂದು. ಆ ಕೇಂದ್ರದಲ್ಲಿ 1968ರಿಂದಲೇ ಪಾಠ ನಡೆಯುತ್ತಿತ್ತು. ಅದಕ್ಕೆ ರೂಪ ಕೊಟ್ಟವರಲ್ಲಿ ಎಸ್. ವಿ. ಪರಮೇಶ್ವರ ಭಟ್ಟರು ಪ್ರಮುಖರು. ಹೀಗಾಗಿ ಷೇಕ್ ಅಲಿ ಬಂದದ್ದು ಬರಿಯ ಬಯಲಿಗಲ್ಲ. ಮೈಸೂರಿನಿಂದ ಬಂದ ಪ್ರಾಧ್ಯಾಪಕನೇ ಮೈಸೂರಿನ ಹಿಡಿತದಿಂದ ಕರಾವಳಿಯ ಕಾಲೇಜುಗಳನ್ನು ಬಿಡಿಸಿಕೊಳ್ಳಬೇಕಾಯಿತು.

ಆ ಕಾಲೇಜುಗಳಾದರೂ ಎಂಥವು! ಮಂಗಳೂರಿನ ಸರ್ಕಾರಿ ಕಾಲೇಜಿನ ಬೇರು 1868ಕ್ಕೆ, ಸಂತ ಅಲೋಶಿಯಸ್ 1880ಕ್ಕೆ ಸೇರಿದ್ದು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು 1949ರದು. ಮಣಿಪಾಲದ ವೈದ್ಯಕೀಯ ಕಾಲೇಜು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎರಡೂ ಹೊಸ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದವು. ವಿಶ್ವವಿದ್ಯಾಲಯಕ್ಕಿಂತ ಹೆಚ್ಚು ವಯಸ್ಸಿನ, ಹೆಚ್ಚು ಹಣದ ಸಂಸ್ಥೆಗಳಿಗೆ ಅದು ಪರೀಕ್ಷೆ ನಡೆಸಬೇಕು, ಮಾನ್ಯತೆ ಕೊಡಬೇಕು. ಹಿಂದಿನ ದಶಕದ ಇನ್ನೊಂದು ಮಾದರಿಯ ಜೊತೆ ಇಟ್ಟು ನೋಡಿದರೆ ಕೆಲಸದ ಭಾರ ತಿಳಿಯುತ್ತದೆ. ಗಚ್ಚಿಬೌಲಿಯಲ್ಲಿ ನೆಲೆಗೊಂಡ ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಕೇಂದ್ರೀಯ ಸಂಸ್ಥೆ. ಊರೂರಿನ ಕಾಲೇಜುಗಳ ಪದವಿ ಪರೀಕ್ಷೆಯ ಹೊರೆ ಅದರ ಹೆಗಲ ಮೇಲಿರಲಿಲ್ಲ. ಸಂಶೋಧನೆಯೇ ಅದರ ಮೊದಲ ಕೆಲಸ. ಮಂಗಳೂರಿನ ಕುಲಪತಿಗೆ ಆ ಸೌಲಭ್ಯ ಇರಲಿಲ್ಲ. ಮದರಾಸು ಪ್ರಾಂತದಿಂದ ಬಂದ ದಕ್ಷಿಣ ಕನ್ನಡ, 1956ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು, ಎರಡನ್ನೂ ಒಂದೇ ವ್ಯವಸ್ಥೆಯೊಳಗೆ ತರಬೇಕಿತ್ತು.

ಇಲ್ಲಿಯೇ ನನ್ನ ಮುಖ್ಯ ವಾದ ಬರುತ್ತದೆ. ದಕ್ಷಿಣ ಕನ್ನಡ ಮತ್ತು ಕೊಡಗು, ಇವೆರಡೂ ಟಿಪ್ಪು ಸುಲ್ತಾನನ ನೆನಪು ಅತ್ಯಂತ ಕಹಿಯಾಗಿ ಉಳಿದಿರುವ ಜಿಲ್ಲೆಗಳು. 1783-84ರ ಮುತ್ತಿಗೆಯಲ್ಲಿ ಮಂಗಳೂರಿನ ಕೋಟೆ ಕಂಪನಿಯ ಕೈತಪ್ಪಿತು. 1784ರಲ್ಲೇ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಕೊಡವರಿಗೂ ಅದೇ ಗತಿ ಬಂತು. ಸಂಖ್ಯೆಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಘಟನೆಯ ಬಗ್ಗೆ ಆ ಸಮುದಾಯಗಳ ಮನೆಗಳಲ್ಲಿ ಅನುಮಾನವಿಲ್ಲ. ಇದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1982ರಲ್ಲಿ, ಷೇಕ್ ಅಲಿ ಅವರ ‘ಟಿಪ್ಪು ಸುಲ್ತಾನ್: ಎ ಸ್ಟಡಿ ಇನ್ ಡಿಪ್ಲೊಮಸಿ ಅಂಡ್ ಕನ್ಫ್ರಂಟೇಷನ್’ ಪ್ರಕಟವಾಯಿತು.

ಪುಸ್ತಕದ ಹೆಸರೇ ಅದರ ಚೌಕಟ್ಟು. ರಾಜತಾಂತ್ರಿಕ ಇತಿಹಾಸದಲ್ಲಿ ದರಬಾರುಗಳು, ದೂತರು, ಕರಾರುಗಳು ಮಾತಾಡುತ್ತವೆ. 1790ರಲ್ಲಿ ನಿಜಾಮ ಮತ್ತು ಪೇಶ್ವೆ ಕಂಪನಿಯೊಡನೆ ಸೇರಿದ್ದು, 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಕೈಬಿಟ್ಟದ್ದು, ಇಂಥವು ಈ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸಾಮ್ರಾಜ್ಯಶಾಹಿಯನ್ನು ಎದುರಿಸಿದ ದೊರೆಯಾಗಿ ಟಿಪ್ಪುವನ್ನು ನೋಡುವ ನೋಟವೂ ಇಲ್ಲಿಂದಲೇ ಬಲ ಪಡೆಯುತ್ತದೆ. ಆದರೆ ಸೆರೆಯಾಗಿ ನಡೆದುಹೋದ ಕುಟುಂಬ ಈ ಚೌಕಟ್ಟಿನ ಅಂಚಿಗೆ ಸರಿಯುತ್ತದೆ. ಷೇಕ್ ಅಲಿ ಟಿಪ್ಪುವಿನ ಬಗ್ಗೆ ಬರೆಯುವಾಗ ಇತಿಹಾಸಕಾರನ ತೂಕ ಕೆಲವೊಮ್ಮೆ ವಕೀಲನ ಕಡೆಗೆ ವಾಲುತ್ತದೆ ಎಂಬ ಆಕ್ಷೇಪ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಅದಕ್ಕೆ ಕಾರಣವನ್ನು ಅವರ ಧರ್ಮದಲ್ಲಿ ಹುಡುಕುವವರು ಗಂಗರ ಸಂಪುಟವನ್ನು ಓದಿಲ್ಲ. ಜೈನರಿಗೆ ಆಶ್ರಯವಿತ್ತ ವಂಶವೊಂದಕ್ಕೆ ಅಷ್ಟು ದೊಡ್ಡ ಪುಸ್ತಕ ಮುಡಿಪಿಟ್ಟವರಿಗೆ ಆ ವಿವರಣೆ ಹೊಂದುವುದಿಲ್ಲ. ಕಾರಣ ಇರುವುದು ಆಕರದಲ್ಲಿ: ಕಂಪನಿಯ ಕಡತವನ್ನು ಕಂಪನಿಗೇ ಎದುರಾಗಿ ಓದುತ್ತ ಹೋದವನು, ಕಂಪನಿಯ ಶತ್ರುವಿನ ಹತ್ತಿರ ಹತ್ತಿರ ಬರುತ್ತಾನೆ.

ಕರಾವಳಿಯಲ್ಲಿ ಆಗ ಬೇರೆ ಬಗೆಯ ಆಕರಗಳ ಕೆಲಸ ಜೋರಾಗಿತ್ತು. ಗಣಪತಿ ರಾವ್ ಐಗಳ್ ಅವರ ಜಿಲ್ಲಾ ಇತಿಹಾಸ 1923ರಷ್ಟು ಹಳೆಯದು. ಪಿ. ಗುರುರಾಜ ಭಟ್ಟರು ತುಳುನಾಡಿನ ಊರೂರು ಸುತ್ತಿ ದೇವಾಲಯ, ಮೂರ್ತಿ, ಐತಿಹ್ಯಗಳನ್ನು ಕೂಡಿಹಾಕಿ 1975ರಲ್ಲಿ ತಮ್ಮ ಬೃಹತ್ ಅಧ್ಯಯನ ಪ್ರಕಟಿಸಿದ್ದರು. ಬಿ. ಎ. ವಿವೇಕ ರೈ ತುಳು ಜನಪದ ಸಾಹಿತ್ಯವನ್ನು, ಅದರಲ್ಲೂ ಪಾಡ್ದನಗಳೆಂಬ ಕಥನಗೀತೆಗಳನ್ನು, ಶಿಸ್ತಿನ ಅಧ್ಯಯನಕ್ಕೆ ತಂದರು. ಬಾಯಿಂದ ಬಾಯಿಗೆ ಬಂದದ್ದೂ ಆಕರವೆಂದು ಈ ನಾಡಿನ ವಿದ್ವತ್ತು ಒಪ್ಪಿಕೊಳ್ಳುತ್ತಿದ್ದ ಹೊತ್ತು ಅದು. ಮುಂದೆ ಬಿ. ಸುರೇಂದ್ರ ರಾವ್, ಕೇಶವನ್ ವೆಳುತ್ತಾಟ್ ಅಂಥವರು ಪಾಠ ಮಾಡಿದ ಕೊಣಾಜೆಯ ಇತಿಹಾಸ ವಿಭಾಗ ತನ್ನದೇ ವಿಮರ್ಶಾ ಪರಂಪರೆಯನ್ನು ಬೆಳೆಸಿಕೊಂಡಿತು, ಅದು ಮೊದಲ ಕುಲಪತಿಯ ನೆರಳಾಗಲಿಲ್ಲ. ಹೊಸ ಸಂಸ್ಥೆಯೊಂದಕ್ಕೆ ಇದು ಒಳ್ಳೆಯ ಲಕ್ಷಣ.

1985ರ ಜೂನ್‌ನಲ್ಲಿ ಗೋವಾ ವಿಶ್ವವಿದ್ಯಾಲಯ ಕೆಲಸ ಆರಂಭಿಸಿತು. ಅಲ್ಲಿಯೂ ಅದೇ ಸನ್ನಿವೇಶ: ಮುಂಬಯಿ ವಿಶ್ವವಿದ್ಯಾಲಯದ ಪಣಜಿ ಕೇಂದ್ರ ಬೇರಾಗಿ, 1962ರಿಂದ ಮುಂಬಯಿಗೆ ಸೇರಿದ್ದ ಕಾಲೇಜುಗಳನ್ನು ಒಳಗೆ ತೆಗೆದುಕೊಳ್ಳಬೇಕು, ತಾಳೆಗಾಂವ್ ಪ್ರಸ್ಥಭೂಮಿಯ ಮೇಲೆ ಆವರಣ ಕಟ್ಟಬೇಕು. ಹೊರಗೆ ಕೊಂಕಣಿಯೋ ಮರಾಠಿಯೋ ಎಂಬ ಚಳವಳಿ ಬೀದಿಗಿಳಿದಿತ್ತು. 1987ರ ಫೆಬ್ರವರಿಯಲ್ಲಿ ರಾಜಭಾಷಾ ಕಾಯ್ದೆ, ಮೇ 30ಕ್ಕೆ ರಾಜ್ಯದ ಸ್ಥಾನಮಾನ ಬಂದವು.

ಇದರ ನಡುವೆ, ವಿಮೋಚನೆಯ ಇಪ್ಪತ್ತೈದನೆಯ ವರ್ಷವಾದ 1986ರಲ್ಲಿ, ಷೇಕ್ ಅಲಿ ಸಂಪಾದಿಸಿದ ‘ಗೋವಾ ವಿನ್ಸ್ ಫ್ರೀಡಂ’ ಎಂಬ ಸಂಪುಟವನ್ನು ವಿಶ್ವವಿದ್ಯಾಲಯ ಪ್ರಕಟಿಸಿತು. ಅದರ ಉಪಶೀರ್ಷಿಕೆಯಲ್ಲಿ ಚಿಂತನೆಗಳ ಜೊತೆಗೆ ನೆನಪುಗಳೂ ಇವೆ. ಹೈದರ್, ಟಿಪ್ಪು, ಗಂಗರನ್ನು ಕಡತ ಮತ್ತು ಶಾಸನಗಳ ಮೂಲಕ ಕಂಡವರು, ಪೋರ್ಚುಗೀಸ್ ಆಡಳಿತದ ಅಪಾರ ದಾಖಲೆಗಳು ಪಣಜಿಯಲ್ಲೇ ಇರುವಾಗ, ಹೋರಾಟವನ್ನು ಕಂಡವರ ನೆನಪಿಗೆ ಜಾಗ ಕೊಟ್ಟರು. ಸಾಲಜಾರ್ ಸರ್ಕಾರದ ಪೊಲೀಸ್ ಕಡತದಲ್ಲಿ ಸತ್ಯಾಗ್ರಹಿ ಬರಿಯ ಅಪರಾಧಿ. ಅವನ ಮಾತು ಸಿಗಬೇಕಾದರೆ ಅವನನ್ನೇ ಕೇಳಬೇಕು. ಬೆಳ್ಳಿಹಬ್ಬದ ಒತ್ತಡವೂ ಇದ್ದಿರಬಹುದು, ಕುಲಪತಿಯಾದವನಿಗೆ ಇಂಥ ಸಂಪುಟ ತರುವುದು ಕರ್ತವ್ಯದಂತೆಯೂ ಆಗಿರಬಹುದು. ಆದರೂ ಪುಸ್ತಕಗಳನ್ನು ಪ್ರಕಟಣೆಯ ವರ್ಷದ ಪ್ರಕಾರ ಜೋಡಿಸಿದರೆ, 1963ರ ರಾಜತಾಂತ್ರಿಕ ಕಡತದಿಂದ 1986ರ ಜನರ ನೆನಪಿನವರೆಗೆ ಒಂದು ದಾರಿ ಕಾಣುತ್ತದೆ, ಮತ್ತು ಆ ದಾರಿ ಕೊಣಾಜೆಯನ್ನು ಹಾದುಹೋಗುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಅವರು ಮೈಸೂರಿನಲ್ಲಿ ನಿಧನರಾದರು, ವಯಸ್ಸು ತೊಂಬತ್ತೈದು ದಾಟಿತ್ತು. ಆ ಹೊತ್ತಿಗೆ ಟಿಪ್ಪುವಿನ ಹೆಸರು ಸಂಶೋಧನೆಯ ಕೈಬಿಟ್ಟು ಚುನಾವಣೆಯ ಕೈಗೆ ಹೋಗಿ ವರ್ಷಗಳೇ ಆಗಿದ್ದವು. ಗೋವೆಯ ಹೋರಾಟಗಾರರ ನೆನಪಿಗೆ ಅವರು ಕೊಟ್ಟ ಜಾಗವನ್ನು ಕೊಡಗಿನ, ಕೆನರಾದ ನೆನಪಿಗೂ ಕೊಟ್ಟು, ಅದನ್ನು ಶ್ರೀರಂಗಪಟ್ಟಣದ ಮತ್ತು ಕಂಪನಿಯ ದಾಖಲೆಗಳ ಎದುರಿಗಿಟ್ಟು ತೂಗುವ ಒಂದು ಸಂಪುಟ ಅವರ ಗ್ರಂಥಗಳ ಸಾಲಿನಲ್ಲಿ ಇಲ್ಲ. ಅದಕ್ಕೆ ಬೇಕಾದ ಆಕರ ವಿಮರ್ಶೆಯ ವಿಧಾನ 1978ರ ಅವರ ಪಠ್ಯದಲ್ಲಿಯೇ ಇದೆ. ಆ ಕೆಲಸಕ್ಕೆ ಸರಿಯಾದ ಜಾಗ ಕೊಣಾಜೆಯೇ.